ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಯಾವುದು ಇರಬೇಕು, ಯಾವುದು ಬೇಡ: ತೀರ್ಮಾನ ಆಗುವುದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಈಗ 14 ತಿಂಗಳು. ಇಲ್ಲಿಯವರೆಗಿನ ಲಸಿಕೆಗಳನ್ನೆಲ್ಲ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಾಕಿಸಿದ್ದೇವೆ. ತಾಯಿ ಕಾರ್ಡಿನಲ್ಲಿ ಒಂದೂ ಬಾಕಿ ಇಲ್ಲ. ಮೊನ್ನೆ ಕೆಮ್ಮು ಎಂದು ಪೇಟೆಯ ಮಕ್ಕಳ ಡಾಕ್ಟರ ಹತ್ತಿರ ಹೋದಾಗ, ಟೈಫಾಯ್ಡ್, ಹೆಪಟೈಟಿಸ್ ಎ, ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿಲ್ವಾ ಎಂದು ಕೇಳಿದರು. ಎಲ್ಲ ಸೇರಿ ಐದಾರು ಸಾವಿರ ಆಗುತ್ತದಂತೆ. ಅಷ್ಟು ಮುಖ್ಯವಾದರೆ ಸರ್ಕಾರ ಯಾಕೆ ಕೊಡುವುದಿಲ್ಲ? ಮುಖ್ಯ ಅಲ್ಲದಿದ್ದರೆ ಡಾಕ್ಟರು ಯಾಕೆ ಹೇಳುತ್ತಾರೆ? ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು? ನಮ್ಮಂಥವರಿಂದ ಏನಾದರೂ ಆಗುತ್ತದಾ?

ಉತ್ತರ: ಮೊದಲು ನಿಮ್ಮ ಮಗಳ ವಿಷಯ ಮುಗಿಸಿಬಿಡೋಣ, ಆಮೇಲೆ ದೇಶದ ವಿಷಯಕ್ಕೆ ಬರೋಣ. ಆರೋಗ್ಯ ಕೇಂದ್ರದಲ್ಲಿ ಹಾಕಿಸಿದ್ದು ಎರಡನೇ ದರ್ಜೆಯ ಲಸಿಕೆ ಅಲ್ಲ. ಚಿಕ್ಕ ಮಕ್ಕಳ ಪ್ರಾಣಕ್ಕೇ ಕುತ್ತು ತರುವ ಕಾಯಿಲೆಗಳು ಆ ಪಟ್ಟಿಯಲ್ಲಿವೆ: ಮಿದುಳಿಗೆ ಹತ್ತುವ ಕ್ಷಯ, ಪೋಲಿಯೋ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಮತ್ತು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾಗಳಿಂದ ಬರುವ ನ್ಯುಮೋನಿಯಾ, ರೋಟಾ ವೈರಸ್ಸಿನ ಭೇದಿ, ದಡಾರ, ರುಬೆಲ್ಲಾ. ಅದನ್ನು ಪೂರ್ತಿ ಮಾಡಿದ್ದೀರಿ. ನಿಮ್ಮ ಡಾಕ್ಟರು ಹೇಳಿದ್ದೂ ಸರಿಯೇ. ಆ ಮೂರು ಲಸಿಕೆಗಳೂ ಒಳ್ಳೆಯವೇ, ಮಕ್ಕಳ ತಜ್ಞರ ಸಂಘ ಅವನ್ನು ಶಿಫಾರಸು ಮಾಡುತ್ತದೆ. ಒಟ್ಟಿಗೆ ಅಷ್ಟು ದುಡ್ಡು ಹೊಂದಿಸಲು ಕಷ್ಟವಾದರೆ ಮೊದಲು ಟೈಫಾಯ್ಡ್ ಕಾಂಜುಗೇಟ್ ಲಸಿಕೆ (ಶಿಶುಗಳಿಗೂ ಕೊಡಬಹುದಾದ ಬಗೆ) ಹಾಕಿಸಿ. ನಮ್ಮ ಊರುಗಳ ನೀರಿನ ಪರಿಸ್ಥಿತಿ ನೋಡಿದರೆ ಅದಕ್ಕೇ ಮೊದಲ ಜಾಗ ಎಂಬುದು ನನ್ನ ಅಭಿಪ್ರಾಯ. ಉಳಿದೆರಡನ್ನು ಅನುಕೂಲ ನೋಡಿಕೊಂಡು ಹಾಕಿಸಬಹುದು. 16 ತಿಂಗಳಿಗೆ ಬರುವ ದಡಾರ-ರುಬೆಲ್ಲಾ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಈಗ ದೊಡ್ಡ ಪ್ರಶ್ನೆ. ಡಾಕ್ಟರ ಮುಂದೆ ಒಂದು ಮಗು ಕೂತಿರುತ್ತದೆ. ಆ ಮಗುವಿಗೆ ಒಳ್ಳೆಯದಾಗುತ್ತದಾ, ತೊಂದರೆ ಇಲ್ಲವಾ, ಇಷ್ಟೇ ಅವರು ನೋಡಬೇಕಾದ್ದು. ಸರ್ಕಾರದ ಮುಂದೆ ವರ್ಷಕ್ಕೆ ಸುಮಾರು 2.6 ಕೋಟಿ ಶಿಶುಗಳಿರುತ್ತಾರೆ. ಅಷ್ಟೂ ಮಕ್ಕಳಿಗೆ, ಪ್ರತಿ ವರ್ಷ, ತಪ್ಪದೆ ಕೊಡಲು ಆಗುತ್ತದಾ? ಅರ್ಧಂಬರ್ಧ ಕೊಟ್ಟರೆ ಏನಾಗುತ್ತದೆ? ಇದೇ ದುಡ್ಡಿನಲ್ಲಿ ಬೇರೆ ಯಾವ ಸಾವು ತಪ್ಪಿಸಬಹುದಿತ್ತು? ಪ್ರಶ್ನೆಯೇ ಬೇರೆಯಾದಾಗ ಉತ್ತರವೂ ಬೇರೆ ಬರುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಾಗಿಲ್ಲ.

ತೀರ್ಮಾನಕ್ಕೆ ಸಲಹೆ ಕೊಡಲು ಬಹುತೇಕ ದೇಶಗಳಲ್ಲಿ ಒಂದು ತಜ್ಞರ ಸಮಿತಿ ಇರುತ್ತದೆ. ಬ್ರಿಟನ್ನಿನ ಸಮಿತಿ 1963ರದು, ಅಮೆರಿಕದ್ದು 1964ರದು. ನಮ್ಮದು ಶುರುವಾದದ್ದು 2001ರಲ್ಲಿ. ಹೆಸರು ರಾಷ್ಟ್ರೀಯ ಲಸಿಕಾ ತಾಂತ್ರಿಕ ಸಲಹಾ ಗುಂಪು, ಎಲ್ಲರೂ ಕರೆಯುವುದು ಎನ್‌ಟಾಗಿ ಎಂದು. ಔಷಧ ನಿಯಂತ್ರಕರು ಒಂದು ಲಸಿಕೆಗೆ ಲೈಸೆನ್ಸ್ ಕೊಟ್ಟರೆ ಅದು ಸುರಕ್ಷಿತ, ಕೆಲಸ ಮಾಡುತ್ತದೆ, ಮಾರಬಹುದು ಎಂದಷ್ಟೇ ಅರ್ಥ. ಎಲ್ಲ ಮಕ್ಕಳಿಗೂ ಉಚಿತವಾಗಿ ಕೊಡಬೇಕಾ ಎಂದು ನೋಡುವುದು ಎನ್‌ಟಾಗಿ. ಅದು ಕೊಡುವುದು ಸಲಹೆ ಮಾತ್ರ. ಒಪ್ಪುವುದು, ಬಿಡುವುದು, ದುಡ್ಡು ಹೊಂದಿಸುವುದು ಕೇಂದ್ರ ಆರೋಗ್ಯ ಸಚಿವಾಲಯದ ಕೆಲಸ. ಈ ಮೂರು ಮೆಟ್ಟಿಲುಗಳ ನಡುವೆ ವರ್ಷಗಟ್ಟಲೆ ಕಳೆದುಹೋಗುತ್ತದೆ.

ಸಮಿತಿ ಏನೇನು ನೋಡುತ್ತದೆ ಎಂದು ಸುಮ್ನೆ ಪಟ್ಟಿ ಕೊಟ್ಟರೆ ಅರ್ಥವಾಗುವುದಿಲ್ಲ. ನಿಮ್ಮ ಮಗಳಿಗೆ ಈಗಾಗಲೇ ಕೊಟ್ಟಿರುವ ರೋಟಾ ಹನಿಯನ್ನೇ ತೆಗೆದುಕೊಳ್ಳಿ.

1998ರಲ್ಲಿ ಅಮೆರಿಕದಲ್ಲಿ ಮೊದಲ ರೋಟಾ ಲಸಿಕೆ ಬಂತು, ಹೆಸರು ರೋಟಾಶೀಲ್ಡ್. ವರ್ಷ ತುಂಬುವುದರೊಳಗೆ ಒಂದು ತೊಂದರೆ ಕಾಣಿಸಿತು. ಕೆಲವು ಮಕ್ಕಳಲ್ಲಿ ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ಸೇರಿಕೊಂಡು ದಾರಿ ಕಟ್ಟಿಕೊಳ್ಳುತ್ತಿತ್ತು. ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ. 1999ರಲ್ಲಿ ಲಸಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು. ಅಮೆರಿಕದ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಅಲ್ಲಿ ರೋಟಾದಿಂದ ಸಾಯುತ್ತಿದ್ದ ಮಕ್ಕಳು ವರ್ಷಕ್ಕೆ 20ರಿಂದ 60.

ಅದೇ ಲೆಕ್ಕವನ್ನು ನಮ್ಮ ದೇಶಕ್ಕೆ ಹಾಕಿ ನೋಡಿ. 2.6 ಕೋಟಿ ಮಕ್ಕಳಿಗೆ ಕೊಟ್ಟಿದ್ದರೆ 2,600 ಮಕ್ಕಳಿಗೆ ಕರುಳಿನ ತೊಂದರೆ. ಬೇಗ ಆಸ್ಪತ್ರೆಗೆ ತಂದರೆ ಅವರಲ್ಲಿ ಹೆಚ್ಚಿನವರು ಉಳಿಯುತ್ತಾರೆ, ತಡವಾದರೆ ಕಷ್ಟ. ಇನ್ನೊಂದು ಕಡೆ, ರೋಟಾ ಭೇದಿಯಿಂದ ಸಾಯುತ್ತಿದ್ದ ಭಾರತದ ಮಕ್ಕಳು ವರ್ಷಕ್ಕೆ ಸುಮಾರು 78,000 ಎಂಬ ಅಂದಾಜು. ಅದೂ ಲಸಿಕೆ ಬರುವುದಕ್ಕೆ ಸ್ವಲ್ಪ ಮುಂಚಿನ ವರ್ಷಗಳದು. ಆದರೆ ಅಮೆರಿಕ ಕೈಬಿಟ್ಟ ಲಸಿಕೆಯನ್ನು ನಮ್ಮ ಮಕ್ಕಳಿಗೆ ಕೊಡುತ್ತೇವೆ ಎನ್ನಲು ಯಾವ ಬಡ ದೇಶದ ಮಂತ್ರಿಗೆ ಧೈರ್ಯ ಬರುತ್ತದೆ? ಯಾರೂ ಮುಂದೆ ಬರಲಿಲ್ಲ. ಮುಂದಿನ ಎರಡು ಲಸಿಕೆಗಳನ್ನು ತಲಾ 60,000ಕ್ಕೂ ಹೆಚ್ಚು ಮಕ್ಕಳಲ್ಲಿ ಪರೀಕ್ಷಿಸಿ, ಆ ಅಪಾಯ ಅಷ್ಟು ದೊಡ್ಡದಲ್ಲ ಎಂದು ತೋರಿಸುವ ಹೊತ್ತಿಗೆ 2006 ಆಗಿತ್ತು. ಆ ನಡುವಿನ ವರ್ಷಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಒಂದು ದೇಶಕ್ಕೆ ಸರಿಯಾದ ತೀರ್ಮಾನ ಇನ್ನೊಂದು ದೇಶಕ್ಕೆ ಸರಿಯಾಗಿಯೇ ಇರಬೇಕು ಅಂತೇನಿಲ್ಲ. ಪ್ರತಿ ದೇಶಕ್ಕೂ ತನ್ನದೇ ಸಮಿತಿ ಬೇಕು ಎಂದು ಹೇಳುವುದು ಇದಕ್ಕೇ.

ನಮ್ಮ ರೋಟಾವ್ಯಾಕ್ ಕಥೆಯಲ್ಲಿ ಬೇರೊಂದು ಪಾಠವಿದೆ. 1980ರ ದಶಕದ ಮಧ್ಯದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳಿಗೆ ಒಂದು ರೋಟಾ ವೈರಸ್ ತಗುಲಿತ್ತು. ಆ ಮಕ್ಕಳಿಗೆ ಭೇದಿಯೇ ಆಗಲಿಲ್ಲ. ಆ ವೈರಸ್ಸಿನಿಂದಲೇ ಹೈದರಾಬಾದಿನ ಭಾರತ್ ಬಯೋಟೆಕ್ ಲಸಿಕೆ ಮಾಡಿತು. ದೆಹಲಿ, ಪುಣೆ, ವೆಲ್ಲೂರಿನಲ್ಲಿ 6,799 ಶಿಶುಗಳಲ್ಲಿ ಪರೀಕ್ಷೆ ನಡೆಯಿತು. ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿ 56 ಪರ್ಸೆಂಟ್ ಕಡಿಮೆಯಾಯಿತು. ಇಷ್ಟೇನಾ ಎಂದು ಎಷ್ಟೋ ಜನ ಕೇಳಿದರು. ಶ್ರೀಮಂತ ದೇಶಗಳಲ್ಲಿ ರೋಟಾ ಲಸಿಕೆಗಳು 85 ಪರ್ಸೆಂಟಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಆದರೆ ಆ ವಿದೇಶಿ ಲಸಿಕೆಗಳೂ ಬಡ ದೇಶಗಳ ಮಕ್ಕಳಲ್ಲಿ ಹೆಚ್ಚು ಕಡಿಮೆ 50-60ಕ್ಕೇ ಇಳಿಯುತ್ತವೆ. ಅಲ್ಲಿ 85 ಪರ್ಸೆಂಟ್ ಉಳಿಸುವುದು ಹತ್ತಾರು ಮಕ್ಕಳನ್ನು, ಇಲ್ಲಿ 56 ಪರ್ಸೆಂಟ್ ಉಳಿಸುವುದು ಸಾವಿರ ಸಾವಿರ ಮಕ್ಕಳನ್ನು. ಸಮಿತಿ ನೋಡಬೇಕಾದ್ದು ಆ ಎರಡನೇ ಸಂಖ್ಯೆ. ಜೊತೆಗೆ ಕಂಪನಿ ಒಂದು ಡೋಸಿಗೆ ಒಂದು ಡಾಲರ್ ಎಂದು ಮೊದಲೇ ಹೇಳಿತ್ತು. 2014ರಲ್ಲಿ ಶಿಫಾರಸು ಬಂತು. 2016ರಲ್ಲಿ ಆಂಧ್ರ, ಹರಿಯಾಣ, ಹಿಮಾಚಲ, ಒಡಿಶಾದಲ್ಲಿ ಶುರುವಾಯಿತು, 2019ರ ಹೊತ್ತಿಗೆ ದೇಶವಿಡೀ ಹರಡಿತು. ಹಾಗೆ ಹಂತಹಂತವಾಗಿ ಕೊಡುವಾಗಲೇ ಕೆಲವು ಆಸ್ಪತ್ರೆಗಳಲ್ಲಿ ಕರುಳಿನ ತೊಂದರೆಯ ಮೇಲೆ ಕಣ್ಣಿಟ್ಟಿದ್ದರು. ಲಸಿಕೆಯಿಂದ ಅದು ಹೆಚ್ಚಾದದ್ದು ಕಾಣಲಿಲ್ಲ.

ಬೆಲೆಯ ಮಾತು ಬಂತು. ಇದರ ಬಗ್ಗೆ ಮುಜುಗರ ಪಡಬೇಕಾಗಿಲ್ಲ, ಶ್ರೀಮಂತ ದೇಶಗಳೂ ಚೌಕಾಸಿ ಮಾಡುತ್ತವೆ. ಮೆನಿಂಜೈಟಿಸ್ ಬಿ ಲಸಿಕೆಯನ್ನು ಬ್ರಿಟನ್ನಿನ ಸಮಿತಿ 2013ರಲ್ಲಿ ಮೊದಲು ಬೇಡ ಎಂದಿತು. 2014ರಲ್ಲಿ, ಬೆಲೆ ಸಾಕಷ್ಟು ಇಳಿದರೆ ಮಾತ್ರ ಆಗಬಹುದು ಎಂದಿತು. ಕಂಪನಿ ಜೊತೆ ಮಾತುಕತೆ ಮುಗಿದು 2015ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ನಮ್ಮಲ್ಲಿ ನ್ಯುಮೋಕಾಕಸ್ ಲಸಿಕೆಯದೂ ಇದೇ ಕಥೆ. ಖಾಸಗಿಯಲ್ಲಿ ಒಂದು ಡೋಸಿಗೆ ಮೂರು-ನಾಲ್ಕು ಸಾವಿರ ಇದ್ದದ್ದು ಅದು. 2017ರಲ್ಲಿ ಹಿಮಾಚಲ, ಬಿಹಾರ, ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಬಡ ದೇಶಗಳಿಗೆ ಲಸಿಕೆ ಕೊಳ್ಳಲು ನೆರವಾಗುವ ಗಾವಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಹಾಯದಿಂದ ಶುರುವಾಗಿ, 2021ರಲ್ಲಿ ದೇಶಕ್ಕೆಲ್ಲ ಬಂತು. ಅದರ ಹಿಂದಿನ ವರ್ಷವಷ್ಟೇ ಪುಣೆಯ ಸೀರಮ್ ಸಂಸ್ಥೆಯ ಕಡಿಮೆ ಬೆಲೆಯ ಲಸಿಕೆ ಮಾರುಕಟ್ಟೆಗೆ ಬಂದಿತ್ತು.

ಆದರೆ ಬೆಲೆಗಿಂತ ದೊಡ್ಡ ಅಡ್ಡಿ ಕೆಲವು ಸಲ ಬೇರೆಯೇ ಇರುತ್ತದೆ. ನಿಮ್ಮ ಪ್ರಶ್ನೆಯಲ್ಲಿರುವ ಚಿಕನ್‌ಪಾಕ್ಸ್ ಲಸಿಕೆ ಅಂಥದ್ದು. ಅದು ಅರ್ಥವಾಗಬೇಕಾದರೆ ಮೊದಲು ಗ್ರೀಸ್ ದೇಶದ ರುಬೆಲ್ಲಾ ಕಥೆ ಕೇಳಬೇಕು.

ರುಬೆಲ್ಲಾ ಮಕ್ಕಳಿಗೆ ಬಂದರೆ ಎರಡು ದಿನ ಸಣ್ಣ ಜ್ವರ, ಮೈಮೇಲೆ ಗಂಧೆ, ಅಷ್ಟೇ. ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹುಟ್ಟುವ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ. ಗ್ರೀಸಿನಲ್ಲಿ 1970ರ ದಶಕದಿಂದ ಲಸಿಕೆ ಸಿಗುತ್ತಿತ್ತು, ಆದರೆ ಅರ್ಧದಷ್ಟು ಮಕ್ಕಳಿಗೂ ತಲುಪುತ್ತಿರಲಿಲ್ಲ. ಆಗ ಏನಾಯಿತು ನೋಡಿ. ವೈರಸ್ಸಿನ ಓಡಾಟ ಕಡಿಮೆಯಾಯಿತು, ನಿಲ್ಲಲಿಲ್ಲ. ಲಸಿಕೆ ಸಿಗದ ಹುಡುಗಿಯರಿಗೆ ಚಿಕ್ಕಂದಿನಲ್ಲೇ ಬಂದು ಹೋಗಬೇಕಿದ್ದ ಕಾಯಿಲೆ ಬರಲೇ ಇಲ್ಲ. ಅವರು ರಕ್ಷಣೆಯೇ ಇಲ್ಲದೆ ದೊಡ್ಡವರಾದರು, ಮದುವೆಯಾದರು, ಬಸುರಿಯಾದರು. 1993ರಲ್ಲಿ ರುಬೆಲ್ಲಾ ಹರಡಿದಾಗ ಆ ಪುಟ್ಟ ದೇಶದಲ್ಲಿ ಹುಟ್ಟಿನಿಂದಲೇ ರುಬೆಲ್ಲಾ ಪೆಟ್ಟು ತಿಂದ 25 ಮಕ್ಕಳು ಪತ್ತೆಯಾದರು. ಲಸಿಕೆ ಕೆಟ್ಟದ್ದಾಗಿರಲಿಲ್ಲ. ಅರ್ಧಕ್ಕೇ ನಿಂತದ್ದು ಕೆಟ್ಟದ್ದಾಯಿತು.

ಅದಕ್ಕೇ ಭಾರತ ರುಬೆಲ್ಲಾ ಲಸಿಕೆ ಶುರುಮಾಡುವಾಗ ಶಿಶುಗಳಿಗಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದಲೇ ಅಭಿಯಾನ ಶುರುವಾಯಿತು. ಮೊದಲ ಸುತ್ತಿನಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲರಿಗೂ, ಮೊದಲು ಹಾಕಿಸಿದ್ದರೂ ಸರಿ, ಇನ್ನೊಂದು. ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಕಿದಾಗ ಎಷ್ಟೋ ಅಪ್ಪ-ಅಮ್ಮಂದಿರು ಗಾಬರಿಯಾಗಿದ್ದರು. ಇಷ್ಟು ವಯಸ್ಸಿನವರೆಗೂ ಯಾಕೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಚಿಕನ್‌ಪಾಕ್ಸಿಗೂ ಇದೇ ಲೆಕ್ಕ. ಮಕ್ಕಳಿಗೆ ಬಂದರೆ ಸಾಮಾನ್ಯವಾಗಿ ವಾರದಲ್ಲಿ ಹೋಗುತ್ತದೆ, ದೊಡ್ಡವರಿಗೆ ಬಂದರೆ ಜೋರು. ಹಾಗಾಗಿ 80 ಪರ್ಸೆಂಟ್ ಮಕ್ಕಳನ್ನು ತಲುಪಿ, ಅದನ್ನು ಕಾಪಾಡಿಕೊಂಡು ಹೋಗಲು ಸಾಧ್ಯವಿದ್ದರೆ ಮಾತ್ರ ಕಾರ್ಯಕ್ರಮಕ್ಕೆ ಸೇರಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕ 1995ರಲ್ಲೇ ಸೇರಿಸಿತು. ಬ್ರಿಟನ್ ಬಹಳ ವರ್ಷ ಬೇಡ ಎನ್ನುತ್ತಲೇ ಬಂದಿತ್ತು. ಮಕ್ಕಳಲ್ಲಿ ಕಾಯಿಲೆ ನಿಂತರೆ ದೊಡ್ಡವರಲ್ಲಿ ಅದೇ ವೈರಸ್ಸಿನಿಂದ ಬರುವ ಸರ್ಪಸುತ್ತು ಜಾಸ್ತಿಯಾಗಬಹುದು ಎಂಬ ಅಳುಕು ಅವರಿಗಿತ್ತು. ಅಮೆರಿಕದ ಅನುಭವದಲ್ಲಿ ಹಾಗೇನೂ ದೊಡ್ಡದಾಗಿ ಆಗಲಿಲ್ಲ ಎಂದು ಕಂಡ ಮೇಲೆ 2023ರಲ್ಲಿ ಸಮಿತಿ ಒಪ್ಪಿತು. ಅಲ್ಲಿನ ಮಕ್ಕಳಿಗೆ ಅದು ಉಚಿತವಾಗಿ ಸಿಗುವುದು 2026ರಿಂದ. ಒಂದೇ ಲಸಿಕೆ, ಎರಡು ದೇಶಗಳ ನಡುವೆ ಮೂವತ್ತು ವರ್ಷದ ಅಂತರ! ನಿಮ್ಮ ಮಗಳೊಬ್ಬಳಿಗೆ ಹಾಕಿಸಿದರೆ ಅವಳಿಗೆ ಒಳ್ಳೆಯದೇ, ಅನುಮಾನ ಬೇಡ. ಮೇಲೆ ಹೇಳಿದ್ದು ದೇಶದ ಲೆಕ್ಕ.

ಇನ್ನು ಕೈಗೆ ಸಿಗುವಷ್ಟು ಲಸಿಕೆ ಇದೆಯಾ ಎಂಬುದೂ ತೀರ್ಮಾನವನ್ನು ಬದಲಿಸುತ್ತದೆ. ಗುರುವಾರ ಲಸಿಕೆ ಹಾಕುವ ಸಿಸ್ಟರ್ ಒಂದೂವರೆ ತಿಂಗಳಿಗೆ ಮತ್ತು ಮೂರೂವರೆ ತಿಂಗಳಿಗೆ ನಿಮ್ಮ ಮಗಳ ಬಲತೋಳಿಗೆ ಒಂದು ಚಿಕ್ಕ ಸೂಜಿ ಹಾಕಿದ್ದು ನೆನಪಿರಬಹುದು. ತೊಡೆಗೆ ಹಾಕುವ ಹಾಗೆ ಆಳಕ್ಕೆ ಚುಚ್ಚುವುದಿಲ್ಲ. ಚರ್ಮದ ಒಳಪದರಕ್ಕೆ ಮೆಲ್ಲಗೆ ಓರೆಯಾಗಿ ಸೂಜಿ ಏರಿಸುತ್ತಾರೆ, ಅಲ್ಲೊಂದು ಸಣ್ಣ ಗುಳ್ಳೆ ಏಳುತ್ತದೆ. ಅದು ಪೋಲಿಯೋ ಇಂಜೆಕ್ಷನ್, ಪೂರ್ತಿ ಡೋಸಿನ ಐದನೇ ಒಂದು ಭಾಗ, 0.1 ಮಿಲಿ. 2016ರಲ್ಲಿ ಜಗತ್ತಿನಲ್ಲೆಲ್ಲ ಈ ಲಸಿಕೆಗೆ ಬರ ಬಂದಿತ್ತು. ಇರುವುದನ್ನು ಕೆಲವರಿಗೆ ಪೂರ್ತಿ ಕೊಡುವುದಾ, ಎಲ್ಲರಿಗೂ ಹಂಚುವುದಾ? ಚರ್ಮದೊಳಗೆ ಕೊಟ್ಟರೆ ಕಡಿಮೆ ಔಷಧವೂ ಚೆನ್ನಾಗಿ ಕೆಲಸ ಮಾಡುತ್ತದೆ, ಎರಡು ಸಣ್ಣ ಡೋಸುಗಳ ರಕ್ಷಣೆ ಒಂದು ಪೂರ್ತಿ ಡೋಸಿಗಿಂತ ಜಾಸ್ತಿ ಎಂದು ಅಧ್ಯಯನಗಳಲ್ಲಿ ಕಂಡಿತ್ತು. ಭಾರತ ಹಾಗೆ ಮಾಡಿತು, ಈ ದಾರಿ ಹಿಡಿದ ಮೊದಲ ದೇಶವೂ ಭಾರತವೇ. 2023ರಿಂದ 9 ತಿಂಗಳಿಗೆ ಮೂರನೆಯದೂ ಸೇರಿದೆ. ಸರ್ಕಾರಿ ಡೋಸ್ ಚಿಕ್ಕದು, ಹಾಗಾಗಿ ಮೋಸ ಎಂದು ಯಾರಾದರೂ ಹೇಳಿದರೆ ಇದನ್ನು ಹೇಳಿ.

ಡೋಸಿನ ವಿಷಯದಲ್ಲಿ ಇನ್ನೊಂದು ಘಟನೆ ಹೇಳಲೇಬೇಕು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ ಎರಡು ಡೋಸ್ ಸಾಕಾ, ಮೂರು ಬೇಕಾ ಎಂದು ನೋಡಲು ಭಾರತದ ಹಲವು ಊರುಗಳಲ್ಲಿ 2009ರಲ್ಲಿ ಅಧ್ಯಯನ ಶುರುವಾಗಿತ್ತು. 2010ರಲ್ಲಿ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾದಲ್ಲಿ ನಡೆಯುತ್ತಿದ್ದ ಬೇರೆ ಒಂದು ಎಚ್‌ಪಿವಿ ಲಸಿಕೆ ಯೋಜನೆಯಲ್ಲಿ ಕೆಲವು ಹುಡುಗಿಯರ ಸಾವು ವಿವಾದವಾಯಿತು. ವಿಚಾರಣೆಯಲ್ಲಿ ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ಕಂಡಿತು. ಆದರೆ ಒಪ್ಪಿಗೆ ಪಡೆದ ರೀತಿಯಲ್ಲಿ ದೊಡ್ಡ ತಪ್ಪುಗಳಿದ್ದವು, ಜನರ ಸಿಟ್ಟು ನ್ಯಾಯವಾದದ್ದೇ. ಸರ್ಕಾರ ಇಂಥ ಎಲ್ಲ ಅಧ್ಯಯನಗಳಲ್ಲೂ ಎಚ್‌ಪಿವಿ ಲಸಿಕೆ ನಿಲ್ಲಿಸಿತು. ಅಧ್ಯಯನದಲ್ಲಿದ್ದ ಐದು ಸಾವಿರದಷ್ಟು ಹುಡುಗಿಯರು ಒಂದೇ ಡೋಸಿಗೆ ನಿಂತುಬಿಟ್ಟರು. ಸಂಶೋಧಕರು ಅವರ ಕೈಬಿಡದೆ ಹತ್ತು ವರ್ಷ ಹಿಂಬಾಲಿಸಿದರು. ಒಂದು ಡೋಸ್ ಪಡೆದವರಿಗೂ ಮುಖ್ಯ ಎರಡು ವೈರಸ್ ಬಗೆಗಳ ನೆಲೆಯೂರುವ ಸೋಂಕಿನಿಂದ ಸುಮಾರು 95 ಪರ್ಸೆಂಟ್ ರಕ್ಷಣೆ ಇತ್ತು, ಮೂರು ಪಡೆದವರಷ್ಟೇ. ಆಫ್ರಿಕಾದ ಅಧ್ಯಯನವೂ ಜೊತೆಗೂಡಿ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸ್ ಕೊಟ್ಟರೂ ಆಗುತ್ತದೆ ಎಂದಿತು. ಎನ್‌ಟಾಗಿ ಈ ಲಸಿಕೆಯನ್ನು ಶಿಫಾರಸು ಮಾಡಿದ್ದೂ ಅದೇ ವರ್ಷ. ಎಷ್ಟೋ ಬಡ ದೇಶಗಳಿಗೆ ಈ ಲಸಿಕೆ ಎಟುಕುವ ಹಾಗಾದದ್ದರಲ್ಲಿ ನಮ್ಮ ಊರುಗಳ ಆ ಹುಡುಗಿಯರ ಪಾಲಿದೆ.

ಎಲ್ಲ ಲಸಿಕೆಯೂ ದೇಶಕ್ಕೆಲ್ಲ ಬೇಕಾಗಿಲ್ಲ. ಮಿದುಳು ಜ್ವರದ ಜೆಇ ಲಸಿಕೆ ಜಿಲ್ಲೆ ನೋಡಿ ಕೊಡುವಂಥದ್ದು. 2005ರಲ್ಲಿ ಗೋರಖ್‌ಪುರದ ಕಡೆ ಮಕ್ಕಳು ನೂರಾರು ಸಂಖ್ಯೆಯಲ್ಲಿ ಸತ್ತ ಮೇಲೆ, 2006ರಲ್ಲಿ ಕರ್ನಾಟಕವೂ ಸೇರಿ 4 ರಾಜ್ಯಗಳ 11 ಜಿಲ್ಲೆಗಳಲ್ಲಿ ಚೀನಾದಿಂದ ತರಿಸಿದ ಲಸಿಕೆ ಹಾಕಿದರು. ಆಮೇಲೆ ನಮ್ಮಲ್ಲೇ ತಯಾರಾದ ಜೆನ್‌ವ್ಯಾಕ್ ಲಸಿಕೆಗೆ ಮೂಲವಾದ ವೈರಸ್ ಸಿಕ್ಕಿದ್ದು ಕೋಲಾರದಲ್ಲಿ. ಕೆಲವು ಸಲ ತೆಗೆದುಹಾಕುವ ತೀರ್ಮಾನವೂ ಬೇಕಾಗುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಮಲೆನಾಡಿನಲ್ಲಿ ದಶಕಗಳ ಕಾಲ ಲಸಿಕೆ ಹಾಕುತ್ತಿದ್ದರು. ಅದರ ಶಕ್ತಿ ಸಾಲುತ್ತಿಲ್ಲ ಎಂದು ಪರೀಕ್ಷೆಯಲ್ಲಿ ಕಂಡು 2022ರಲ್ಲಿ ನಿಲ್ಲಿಸಿದರು. ಬದಲಿ ಲಸಿಕೆ ಕೈಯಲ್ಲಿಲ್ಲದೆ ನಿಲ್ಲಿಸಬೇಕಾಗಿ ಬಂದದ್ದು ಮಲೆನಾಡಿನವರಿಗೆ ಬಹಳ ನೋವಿನ ವಿಷಯ. ಆದರೂ ಕೆಲಸ ಮಾಡದ ಲಸಿಕೆ ಕೊಟ್ಟು ಧೈರ್ಯ ಹೇಳುವುದು ಅದಕ್ಕಿಂತ ತಪ್ಪು.

ಕೊನೆಗೆ ಟೈಫಾಯ್ಡ್. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸುವುದು ಇದೇ. ಶಿಶುಗಳಿಗೂ ಕೊಡಬಹುದಾದ ಕಾಂಜುಗೇಟ್ ಲಸಿಕೆ ತಯಾರಾಗುವುದು ನಮ್ಮ ಹೈದರಾಬಾದಿನಲ್ಲಿ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲೂ ಒಂದು ಹೈದರಾಬಾದ್ ಇದೆ. ಅಲ್ಲಿ 2016ರಿಂದ, ಮಾಮೂಲಿ ಔಷಧಗಳಿಗೆ ಬಗ್ಗದ ಟೈಫಾಯ್ಡ್ ಹರಡಿತು. ಇಲ್ಲಿಯ ಲಸಿಕೆಯನ್ನೇ ಅಲ್ಲಿ ಕೊಟ್ಟರು. 2019ರಲ್ಲಿ ಅದನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ ಜಗತ್ತಿನ ಮೊದಲ ದೇಶ ಪಾಕಿಸ್ತಾನ. ನಮ್ಮಲ್ಲಿ 2018ರಲ್ಲಿ ನವಿ ಮುಂಬೈ ಮಹಾನಗರಪಾಲಿಕೆ ತಾನೇ ಮುಂದೆ ಬಂದು ತನ್ನ ಮಕ್ಕಳಿಗೆ ಕೊಟ್ಟಿತು. ದೇಶದ ಪಟ್ಟಿಗೆ ಮಾತ್ರ ಇಷ್ಟು ತಡ.

ಯಾಕೆ? ನಮ್ಮಲ್ಲಿ ಎಷ್ಟು ಟೈಫಾಯ್ಡ್ ಇದೆ ಎಂದು ಗಟ್ಟಿಯಾಗಿ ಹೇಳುವ ಲೆಕ್ಕವೇ ಇರಲಿಲ್ಲ. ಜ್ವರ ಬಂದರೆ ವಿಡಾಲ್ ಎಂಬ ರಕ್ತದ ಟೆಸ್ಟ್ ಬರೆಯುತ್ತೇವೆ. ಆ ಟೆಸ್ಟ್ ಇಲ್ಲದ ಟೈಫಾಯ್ಡನ್ನು ತೋರಿಸುತ್ತದೆ, ಇರುವುದನ್ನು ಬಿಟ್ಟುಬಿಡುತ್ತದೆ. ಅದನ್ನು ನಂಬಿ ಯಾವ ಸಮಿತಿಯೂ ಸಾವಿರಾರು ಕೋಟಿಯ ತೀರ್ಮಾನ ತೆಗೆದುಕೊಳ್ಳಲು ಆಗುವುದಿಲ್ಲ. ಸರಿಯಾದ ಪರೀಕ್ಷೆ ಎಂದರೆ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. 2017ರಿಂದ 2020ರವರೆಗೆ ವೆಲ್ಲೂರು, ದೆಹಲಿ, ಕೋಲ್ಕತ್ತಾ ಮತ್ತು ಪುಣೆಯ ಹತ್ತಿರದ ಹಳ್ಳಿಗಳಲ್ಲಿ ಮಕ್ಕಳನ್ನು ವಾರವಾರ ವಿಚಾರಿಸಿ, ಜ್ವರ ಬಂದವರ ರಕ್ತ ಕಲ್ಚರ್ ಮಾಡಿ ಎಣಿಸಿದರು. ನಗರಗಳಲ್ಲಿ ಒಂದು ಲಕ್ಷ ಮಕ್ಕಳಿಗೆ ವರ್ಷಕ್ಕೆ 576ರಿಂದ 1,173 ಟೈಫಾಯ್ಡ್. ಪುಣೆಯ ಹಳ್ಳಿಗಳಲ್ಲಿ 35. ಈ ಅಂತರ ನೋಡಿದರೆ ತೀರ್ಮಾನದ ಕಷ್ಟ ಗೊತ್ತಾಗುತ್ತದೆ, ಅಲ್ವಾ? ದೇಶಕ್ಕೆಲ್ಲ ಕೊಡುವುದಾ, ನಗರಗಳಿಗೆ ಮಾತ್ರವಾ? ಎಣಿಕೆ ಬಂದ ಮೇಲೆ ಸಮಿತಿಯೂ ಲಸಿಕೆಯ ಪರವಾಗಿಯೇ ನಿಂತಿತು. ದುಡ್ಡಿಲ್ಲ ಎನ್ನುವುದಕ್ಕಿಂತ, ನಾವು ಎಣಿಸಲಿಲ್ಲ ಎನ್ನುವುದೇ ಇಷ್ಟು ವರ್ಷದ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಹಿಬ್ ಲಸಿಕೆ ಬರುವಾಗಲೂ, ನ್ಯುಮೋಕಾಕಸ್ ಬರುವಾಗಲೂ ಇದೇ ಜಗಳ ನಡೆದಿತ್ತು: ನಮ್ಮ ದೇಶದ ಲೆಕ್ಕ ಎಲ್ಲಿ?

ನಮ್ಮಂಥವರಿಂದ ಏನಾದರೂ ಆಗುತ್ತದಾ ಎಂದು ಕೇಳಿದ್ದೀರಿ. ಆಗುತ್ತದೆ. ಎನ್‌ಟಾಗಿ ಸಭೆಗಳ ನಡಾವಳಿಯನ್ನು ಆರೋಗ್ಯ ಸಚಿವಾಲಯದ ವೆಬ್‌ಸೈಟಿನಲ್ಲಿ ಹಾಕುತ್ತಾರೆ, ಯಾರು ಬೇಕಾದರೂ ಓದಬಹುದು. ಶಿಫಾರಸು ಬಂದು ಎಷ್ಟು ವರ್ಷವಾಯಿತು ಎಂದು ನಿಮ್ಮ ಸಂಸದರನ್ನು ಕೇಳಬಹುದು, ಸಂಸತ್ತಿನಲ್ಲಿ ಪ್ರಶ್ನೆ ಹಾಕಿಸಬಹುದು. ಮನೆಯಲ್ಲಿ ಯಾರಿಗಾದರೂ ಮೂರು ದಿನ ದಾಟಿದ ಜ್ವರವಿದ್ದು ಡಾಕ್ಟರಿಗೆ ಟೈಫಾಯ್ಡ್ ಅನುಮಾನ ಬಂದರೆ, ವಿಡಾಲ್ ಬದಲು ರಕ್ತದ ಕಲ್ಚರ್ ಮಾಡಿಸಬಹುದಾ ಎಂದು ಕೇಳಿ. ಆಂಟಿಬಯಾಟಿಕ್ ಶುರುಮಾಡುವ ಮುಂಚೆಯೇ ರಕ್ತ ತೆಗೆಯಬೇಕು, ಮಾತ್ರೆ ಹೊಟ್ಟೆಗೆ ಹೋದ ಮೇಲೆ ಬ್ಯಾಕ್ಟೀರಿಯಾ ಸಿಗುವುದು ಕಷ್ಟ. ರಿಪೋರ್ಟ್ ಬರಲು ಎರಡು-ಮೂರು ದಿನ ಬೇಕು. ಯಾವ ಔಷಧ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದೂ ಅದರಲ್ಲೇ ಬರೆದಿರುತ್ತದೆ.